ಕೋರ್ ಹೋಗ್ಲಂಡ್‌ನ ತೊಂಬತ್ತೆಂಟು ಹಿಟ್‌ಗಳು

ಧಾರವಾಡದ ಸಪ್ತಾಪುರದಲ್ಲಿ ಹುಟ್ಟಿ ಬೆಳೆದ ಊರ್ಮಿಳಾಳಿಗೆ ಕ್ರಿಕೆಟ್ ಎಂದರೆ ಚಿಕ್ಕಂದಿನಿಂದಲೂ ಆಗದು. ಮನೆಯಲ್ಲಿದ್ದದ್ದು ಒಂದೇ ಟಿವಿ. ಮ್ಯಾಚ್ ಇದ್ದ ದಿನ ಅಪ್ಪ ಮತ್ತು ಇಬ್ಬರು ಅಣ್ಣಂದಿರು ಅದರ ಮುಂದೆ ಚಾಪೆ ಹಾಸಿ ಕೂತರೆ ಸಂಜೆಯವರೆಗೂ ಏಳುತ್ತಿರಲಿಲ್ಲ. ಇವಳು ಬೇರೆ ಏನನ್ನಾದರೂ ನೋಡಬೇಕೆಂದರೆ ಪಕ್ಕದ ಮನೆಗೆ ಹೋಗಬೇಕಿತ್ತು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಬೆಂಗಳೂರಿನಲ್ಲಿ ಹತ್ತು ವರ್ಷ ದುಡಿದು, ಮೈಸೂರಿನ ದಿವಾಕರನನ್ನು ಮದುವೆಯಾಗಿ, ಕೊನೆಗೆ ನೆದರ್‌ಲ್ಯಾಂಡ್ಸ್‌ನ ನ್ಯೂವೆಗೈನ್‌ಗೆ ಬಂದು ನೆಲೆಸಿದಾಗ ಅವಳಿಗೆ ಆದ ಸಣ್ಣ ಸಂತೋಷಗಳಲ್ಲಿ ಒಂದು, ಈ ಊರಿನಲ್ಲಿ ಯಾರೂ ಸ್ಕೋರ್ ಎಷ್ಟಾಯಿತು ಎಂದು ಕೇಳುವುದಿಲ್ಲ ಎನ್ನುವುದು. ಗಂಡನಿಗೆ ಮಾತ್ರ ಅದೇ ದೊಡ್ಡ ದುಃಖ.

ಅವಳ ಕೆಲಸ ಪಿಂಚಣಿ ಲೆಕ್ಕ ಹಾಕುವ ಒಂದು ಕಂಪನಿಯಲ್ಲಿ. ಇಂಥ ವಯಸ್ಸಿನ ಇಂಥವರು ಸರಾಸರಿ ಇನ್ನೆಷ್ಟು ವರ್ಷ ಬದುಕುತ್ತಾರೆ ಎಂದು ಕಂಡುಹಿಡಿಯುವುದು. ಆಫೀಸಿಗೆ ಸೈಕಲ್ಲಿನಲ್ಲಿ ಒಂಬತ್ತು ನಿಮಿಷ. ದಿವಾಕರ ಟ್ರಾಮ್ ಹಿಡಿದು ಉಟ್ರೆಕ್ಟ್‌ಗೆ ಹೋಗಿಬರುತ್ತಾನೆ. ಒಬ್ಬಳೇ ಮಗಳು ಸ್ಮೃತಿ, ಹದಿಮೂರು ವರ್ಷ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಸಿಟ್ಟು ಬಂದರೆ ಡಚ್ಚಿನಲ್ಲಿ.

ಈ ಸ್ಮೃತಿ ಹನ್ನೊಂದನೆಯ ವಯಸ್ಸಿನಲ್ಲಿ ಗೆಳತಿಯೊಬ್ಬಳ ಜೊತೆ ಹೋಗಿ ಹೊಂಕ್‌ಬಾಲ್ ಕ್ಲಬ್ಬಿಗೆ ಹೆಸರು ಕೊಟ್ಟು ಬಂದಳು. ಹೊಂಕ್‌ಬಾಲ್ ಎಂದರೆ ಬೇಸ್‌ಬಾಲ್. ಕ್ಲಬ್ಬಿನ ಹೆಸರು ಲೆಕ್‌ವೋಗೆಲ್ಸ್. ಊರಿನ ದಕ್ಷಿಣಕ್ಕೆ ಹರಿಯುವ ಲೆಕ್ ನದಿಯ ಹಕ್ಕಿಗಳು ಎಂದು ಅರ್ಥ. ದಿವಾಕರ ಹಿಗ್ಗಿಹೋದ.

"ಬ್ಯಾಟ್ ಅಂತೂ ಹಿಡಿದಳಲ್ಲ! ಚಪ್ಪಟೆಯೋ ದುಂಡೋ, ಯಾವುದಾದ್ರೇನು," ಎಂದ.

ಊರ್ಮಿಳಾ ನಿಟ್ಟುಸಿರುಬಿಟ್ಟಳು. ಆದರೆ ಆ ಕ್ಲಬ್ಬಿನಲ್ಲಿ ಒಂದು ನಿಯಮವಿತ್ತು: ಮಗು ಆಡಬೇಕಾದರೆ ತಂದೆತಾಯಿಯಲ್ಲಿ ಒಬ್ಬರು ಕ್ಲಬ್ಬಿಗೆ ಏನಾದರೂ ಕೆಲಸ ಮಾಡಿಕೊಡಬೇಕು. ಕ್ಯಾಂಟೀನಿನಲ್ಲಿ ಕ್ರೊಕೆಟ್ ಎಂಬ ಮಾಂಸದ ಉಂಡೆ ಕರಿಯಬೇಕು, ಇಲ್ಲವೇ ಮೈದಾನಕ್ಕೆ ಗೆರೆ ಎಳೆಯಬೇಕು, ಇಲ್ಲವೇ ಆಟದ ಲೆಕ್ಕ ಬರೆಯಬೇಕು. ಶನಿವಾರವಿಡೀ ಮಾಂಸ ಕರಿಯುವುದು ಅವಳಿಂದಾಗದು. ಗೆರೆ ಎಳೆಯುವ ಗಾಡಿ ತಳ್ಳಿದರೆ ಸೊಂಟ ಹಿಡಿಯುತ್ತದೆ. ಉಳಿದದ್ದು ಲೆಕ್ಕ; ಆಟ ನೋಡುತ್ತ ಕೂಗಾಡುವ ದಿವಾಕರನಿಂದ ಅದು ಆಗದು. ಕ್ಲಬ್ಬಿನ ಅಧ್ಯಕ್ಷ ಯೋಪ್ ಉದ್ದ ಮೀಸೆಯ, ದೊಡ್ಡ ದನಿಯ ಮನುಷ್ಯ. ಅವನು ಇವಳನ್ನು ಮೈದಾನದ ಪಕ್ಕದ ಮರದ ಗೂಡಿನಲ್ಲಿ ಕೂರಿಸಿ, "ನೀವು ಇಂಡಿಯಾದವರು, ಕ್ರಿಕೆಟ್ ಗೊತ್ತಿರುತ್ತೆ, ಇದೂ ಹಂಗೇ," ಎಂದು ಹೇಳಿ ಹೋಗಿಬಿಟ್ಟ.

ಮೂರು ಸಂಜೆಯ ತರಬೇತಿಯಲ್ಲಿ ಅವಳಿಗೆ ತಿಳಿದದ್ದು ಇಷ್ಟು. ಬ್ಯಾಟ್ ಬೀಸಿದವನು ಚೆಂಡು ಹೊಡೆದು ಓಡಿ, ಕ್ಷೇಮವಾಗಿ ಮೊದಲ ಬೇಸ್, ಅಂದರೆ ಮೊದಲ ನೆಲೆ, ಮುಟ್ಟಿದರೆ ಅದು ಹಿಟ್. ಅವನ ಖಾತೆಗೆ ಒಂದು ಪುಣ್ಯ. ಆದರೆ ಸುಲಭವಾಗಿ ಹಿಡಿಯಬಹುದಾಗಿದ್ದ ಚೆಂಡನ್ನು ಎದುರಾಳಿ ಕೈಜಾರಿ ಬಿಟ್ಟದ್ದರಿಂದ ಇವನು ಬದುಕಿಕೊಂಡರೆ ಅದು ಎರರ್. ಪುಣ್ಯ ಇವನಿಗಿಲ್ಲ, ಪಾಪ ಅವನಿಗೆ. ಎಸೆಯುವವನು ನಾಲ್ಕು ಸಲ ಗುರಿ ತಪ್ಪಿ ಎಸೆದರೆ ಬ್ಯಾಟ್ ಹಿಡಿದವನು ಹೊಡೆಯದೆಯೇ ಬೇಸಿಗೆ ನಡೆದು ಹೋಗಬಹುದು. ಅದಕ್ಕೆ ವಾಕ್ ಎನ್ನುತ್ತಾರೆ. ಬೇಸ್‌ಗಳನ್ನೆಲ್ಲ ಸುತ್ತಿ ಹೊರಟ ಜಾಗಕ್ಕೆ, ಅಂದರೆ ‘ಮನೆ’ಗೆ, ಮರಳಿದರೆ ಒಂದು ರನ್. ಇವುಗಳಲ್ಲಿ ಹಿಟ್ಟೋ ಎರರೋ ಎಂದು ತೀರ್ಮಾನಿಸುವವರು ಅಂಪೈರ್ ಅಲ್ಲ, ಗೂಡಿನಲ್ಲಿ ಪೆನ್ಸಿಲ್ ಹಿಡಿದು ಕೂತವರು. ಸಾಧಾರಣ ಪ್ರಯತ್ನದಿಂದ ಹಿಡಿಯಬಹುದಿತ್ತೇ ಎಂಬುದೊಂದೇ ಪ್ರಶ್ನೆ.

ಈ ಕೊನೆಯ ಮಾತು ಊರ್ಮಿಳಾಳನ್ನು ಹಿಡಿದುಬಿಟ್ಟಿತು. ಆಫೀಸಿನಲ್ಲಿ ಅವಳ ಕೈಗೆ ಬರುವ ಅಂಕಿಗಳೆಲ್ಲ ಎಲ್ಲೋ ಯಾರೋ ಬರೆದಿಟ್ಟವು. ಇಲ್ಲಿ ಅಂಕಿ ಹುಟ್ಟುವುದೇ ಅವಳ ಕಣ್ಣೆದುರು, ಅವಳ ಕೈಯಿಂದ. ಒಂದು ಬೇಸಿಗೆ ಮುಗಿಯುವ ಹೊತ್ತಿಗೆ ಅವಳು ಮಗಳ ಆಟವಿಲ್ಲದ ದಿನವೂ ಗೂಡಿಗೆ ಹೋಗಿ ಕೂರತೊಡಗಿದ್ದಳು. ದೊಡ್ಡವರ ತಂಡದ ಲೆಕ್ಕವೂ ಅವಳದೇ ಆಯಿತು. "ಊರ್ಮಿಳಾ ಒಂದು ಸಲ ಬರೆದರೆ ಆಯ್ತು, ಅಲ್ಲಿ ಶಿಫಾರಸು ನಡೆಯಲ್ಲ," ಎಂದು ಜನ ಹೇಳುವುದು ಕೇಳಿ ಒಳಗೊಳಗೇ ಖುಷಿಪಟ್ಟಳು.

ಆ ಹೆಸರನ್ನು ಅವಳು ಎಷ್ಟು ಕಾಪಾಡಿಕೊಂಡಳೆಂದರೆ, ಮೇ ತಿಂಗಳಿನ ಒಂದು ಆಟದಲ್ಲಿ ಸ್ಮೃತಿ ಹೊಡೆದ ಚೆಂಡು ನೆಲದಲ್ಲಿ ಎರಡು ಸಲ ಪುಟಿದು ಎದುರಾಳಿ ಹುಡುಗನ ಕೈಗವಸಿಗೆ ತಾಗಿ ಆಚೆ ಹೋದಾಗ, ಮಗಳು ಬೇಸ್ ಮೇಲೆ ನಿಂತು ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದಾಗ, ಅಮ್ಮ ಗೂಡಿನಲ್ಲಿ ಎರರ್ ಎಂದು ಬರೆದಳು.

ಮನೆಗೆ ಹೋಗುವ ದಾರಿಯಲ್ಲಿ ಕಾರಿನ ಹಿಂದಿನ ಸೀಟಿನಿಂದ ಸ್ಮೃತಿ, "ಮಮ್ಮಾ, ದಟ್ ವಾಸ್ ಎ ಹಿಟ್," ಎಂದಳು.

"ಕೈಗೆ ಬಂದಿತ್ತಲ್ಲೇ ಅವ್ನಿಗೆ. ಬಿಟ್ಟ. ನಾ ಏನ್ ಮಾಡ್ಲಿ?"

"ಎವ್ರಿಬಡಿ ಸೆಡ್ ಹಿಟ್!"

"ಎಲ್ಲಾರೂ ಹೇಳಿದ್ರ ಬರ್ಯೂದಲ್ಲ ಅದು. ನನಗ ಹೆಂಗ ಕಂಡಿತೋ ಹಂಗ ಬರ್ದೀನಿ."

ಆಮೇಲೆ ಸ್ಮೃತಿ ಡಚ್ಚಿನಲ್ಲಿ ಏನೋ ಗೊಣಗಿ ಕಿಟಕಿಯ ಕಡೆ ತಿರುಗಿದವಳು ಎರಡು ದಿನ ಮಾತಾಡಲಿಲ್ಲ. ದಿವಾಕರ ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ, "ಸ್ವಂತ ಮಗಳಿಗೆ ಒಂದು ಹಿಟ್ ಕೊಡಕ್ಕೆ ಆಗ್ಲಿಲ್ವಾ ನಿಂಗೆ?" ಎಂದ. ಊರ್ಮಿಳಾ ಸೆಟೆದು ನಿಂತು, "ಸ್ವಂತ ಮಗಳು ಅಂತನ ಕೊಡ್ಲಿಲ್ಲ," ಎಂದಳು.

ಆ ವರ್ಷ ಕ್ಲಬ್ಬಿಗೆ ಐವತ್ತು ತುಂಬುತ್ತಿತ್ತು. ಹಬ್ಬದ ಅಂಗವಾಗಿ ಮುಖ್ಯ ಮೈದಾನಕ್ಕೆ ಐವತ್ತು ವರ್ಷಗಳ ಅತಿ ದೊಡ್ಡ ಆಟಗಾರನ ಹೆಸರಿಡುವುದೆಂದು ತೀರ್ಮಾನವಾಯಿತು. ಇದರಲ್ಲಿ ಜಗಳಕ್ಕೇನೂ ಇಲ್ಲವೆಂದು ಯೋಪ್ ತಿಳಿದಿದ್ದ. ಕೋರ್ ಹೋಗ್ಲಂಡ್ ಅಲ್ಲದೆ ಇನ್ನಾರು? ಹದಿನಾಲ್ಕು ವರ್ಷ ಆಡಿದವನು. ಸಾವಿರ ಸಲ ಬ್ಯಾಟ್ ಹಿಡಿದರೆ ಮುನ್ನೂರ ನಲವತ್ತೈದು ಹಿಟ್ ಎಂಬ ಲೆಕ್ಕದವನು, ಕ್ಲಬ್ಬಿನಲ್ಲಿ ಯಾರೂ ಅದರ ಹತ್ತಿರ ಸುಳಿದಿಲ್ಲ. ಚೆಂಡನ್ನು ಬೇಲಿ ದಾಟಿಸಿದ ಹೋಮ್ ರನ್ ನೂರ ಹದಿನೆಂಟು. ಅವನು ಹೊಡೆದ ಒಂದು ಚೆಂಡು ಹಿಂದಿನ ಕಾಲುವೆಯಲ್ಲಿ ಹೋಗುತ್ತಿದ್ದ ದೋಣಿಯ ಮೇಲೆ ಬಿದ್ದು ಊರು ಬಿಟ್ಟೇ ಹೋಯಿತು ಎಂದು ಹೇಳುತ್ತಾರೆ. ತೀರಿಕೊಂಡು ಆರು ವರ್ಷವಾಗಿತ್ತು.

ಆದರೆ ಈಗಿನ ತಂಡದ ಹುಡುಗರು ಬೇರೆ ಮಾತು ತೆಗೆದರು. ಬರೀ ಹಿಟ್ ಲೆಕ್ಕ ಹಾಕುವುದು ಹಳೆಯ ಕಾಲದ ಪದ್ಧತಿ, ವಾಕ್‌ಗಳನ್ನೂ ಸೇರಿಸಿ ಎಷ್ಟು ಸಲ ಬೇಸ್ ಮುಟ್ಟಿದ ಎಂದು ನೋಡಬೇಕು, ಹಾಗೆ ನೋಡಿದರೆ ಎಡ್ಸೆಲ್ ಮಾರ್ತಿನಾ ದೊಡ್ಡವನು ಎಂದರು. ಎಡ್ಸೆಲ್ ಕೆರಿಬಿಯನ್ ಸಮುದ್ರದ ಕ್ಯುರಸಾವ್ ದ್ವೀಪದಿಂದ ಇಪ್ಪತ್ತನೆಯ ವಯಸ್ಸಿನಲ್ಲಿ ಬಂದವನು. ಕೋರ್‌ನ ಜೊತೆಗೇ ಆಡಿದವನು. ಈಗಲೂ ಪ್ರತಿ ಶನಿವಾರ ಮೈದಾನದ ಬೇಲಿಗೆ ಒರಗಿ ನಿಂತು, ಎರಡೂ ತಂಡಗಳನ್ನು ಸಮಾನವಾಗಿ ಹಾಸ್ಯ ಮಾಡುತ್ತಾನೆ. ತನ್ನ ಹೆಸರು ಕೇಳಿ ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಒಂದು ವಾರದಲ್ಲಿ ಕ್ಯಾಂಟೀನು ಎರಡು ಪಕ್ಷವಾಯಿತು. ಯೋಪ್ ಬಂದು ಊರ್ಮಿಳಾಳ ಮುಂದೆ ಕೂತ. "ಹಳೆಯ ಹಾಳೆಗಳೆಲ್ಲ ಉಗ್ರಾಣದಲ್ಲಿ ಫೈಲುಗಳಲ್ಲಿವೆ. ನೀವೇ ನೋಡಿ ಹೇಳಬೇಕು. ನಿಮ್ಮ ಮಾತನ್ನ ಎರಡೂ ಕಡೆಯವರು ಒಪ್ತಾರೆ," ಎಂದ.

ನಲವತ್ತೊಂದು ಫೈಲು. ತೇವದ ವಾಸನೆ, ಕಾಫಿ ಕಲೆ, ಒಂದರೊಳಗೆ ಒಣಗಿದ ಜೇಡ. ಊರ್ಮಿಳಾ ಅವನ್ನು ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿ ಹಾಕಿಕೊಂಡು ಸರದಿಯಂತೆ ಮನೆಗೆ ತಂದಳು. ಭಾನುವಾರ ಬೆಳಿಗ್ಗೆ ಅವಲಕ್ಕಿ ತಿಂದು ಊಟದ ಮೇಜನ್ನು ಖಾಲಿ ಮಾಡಿ, ಒಂದೊಂದೇ ಹಾಳೆಯನ್ನು ಕಂಪ್ಯೂಟರಿಗೆ ಇಳಿಸತೊಡಗಿದಳು. ದಿವಾಕರ ಎದುರು ಕೂತು ಓದಿ ಹೇಳುವುದು, ಇವಳು ಒತ್ತುವುದು. ಓದುವುದಕ್ಕಿಂತ ಅವನ ವಾದವೇ ಹೆಚ್ಚು.

"ನೋಡು, ಸರಾಸರಿ ಇಟ್ಕೊಂಡು ಆಟಗಾರನ್ನ ಅಳೆಯಕ್ಕಾಗಲ್ಲ. ಟೀಮ್ ಮುಳುಗ್ತಾ ಇದ್ದಾಗ ಹೊಡೆದ ನಲವತ್ತೂ, ಸೋತೋರ ಮೇಲೆ ಹೊಡೆದ ನೂರೂ ಒಂದೇನಾ?"

"ಅದನ್ನೂ ಅಳೀಬಹುದು. ಯಾವಾಗ ಹೊಡೆದ ಅಂತ ಹಾಳ್ಯಾಗ ಐತಲ್ರೀ."

"ಧೈರ್ಯ ಇರುತ್ತಾ ಹಾಳೆನಲ್ಲಿ?"

"ಧೈರ್ಯ ಇದ್ರ ಅದರ ಫಲ ಇರ್ತದ. ಫಲ ಎಲ್ಲೂ ಕಾಣ್ಲಿಲ್ಲ ಅಂದ್ರ ಅದು ಎಂಥಾ ಧೈರ್ಯ? ಮುಂದ ಓದ್ರಿ."

ಆರನೆಯ ಭಾನುವಾರ ಲೆಕ್ಕ ಪೂರ್ತಿಯಾಯಿತು. ಹುಡುಗರು ಹೇಳಿದ್ದು ನಿಜವಿತ್ತು. ಸಾವಿರ ಸಲಕ್ಕೆ ಕೋರ್ ಬೇಸ್ ಮುಟ್ಟಿದ್ದು ಮುನ್ನೂರ ಎಪ್ಪತ್ತೆರಡು ಸಲ. ಎಡ್ಸೆಲ್ ನಾನ್ನೂರ ಇಪ್ಪತ್ನಾಲ್ಕು ಸಲ. ಆದರೆ ಅಭ್ಯಾಸಬಲದಿಂದ ಊರ್ಮಿಳಾ ಇನ್ನೊಂದು ಕೆಲಸ ಮಾಡಿದಳು. ಸ್ವಂತ ಮೈದಾನದ ಆಟ ಬೇರೆ, ಪರಊರಿನ ಆಟ ಬೇರೆ ಮಾಡಿ ನೋಡಿದಳು. ಎಡ್ಸೆಲ್‌ನ ಹಿಟ್‌ಗಳ ಅಂಕಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಉಳಿದವರದೂ ಹಾಗೆಯೇ. ಕೋರ್‌ನದು ಮಾತ್ರ ಪರಊರಿನಲ್ಲಿ ಸಾವಿರಕ್ಕೆ ಇನ್ನೂರ ತೊಂಬತ್ತೆಂಟು, ಸ್ವಂತ ಮೈದಾನದಲ್ಲಿ ಮುನ್ನೂರ ತೊಂಬತ್ತೊಂದು. ಹದಿನಾಲ್ಕು ವರ್ಷದಲ್ಲಿ, ಅಷ್ಟೇ ಸಲ ಬ್ಯಾಟ್ ಹಿಡಿದು, ಸ್ವಂತ ಮೈದಾನದಲ್ಲಿ ತೊಂಬತ್ತೆಂಟು ಹಿಟ್ ಹೆಚ್ಚು.

ಸ್ವಂತ ಮೈದಾನದ ಹಾಳೆಗಳನ್ನು ಬರೆಯುವುದು ಆ ಕ್ಲಬ್ಬಿನವರೇ. ಊರ್ಮಿಳಾ ಫೈಲು ತೆಗೆದು ಮತ್ತೆ ನೋಡಿದಳು. ಹದಿನಾಲ್ಕೂ ವರ್ಷ ಒಂದೇ ಗುಂಡು ಅಕ್ಷರ, ಹಸಿರು ಶಾಯಿ. ಪ್ರತಿ ಹಾಳೆಯ ಕೆಳಗೆ ಬರೆದವರ ಹೆಸರು: ಟ್ರೂಸ್ ಹೋಗ್ಲಂಡ್.

"ಯಾರದು, ಅವನ ಅಕ್ಕನಾ?" ಎಂದ ದಿವಾಕರ.

"ಹೆಂಡ್ತಿ. ಇನ್ನೂ ಅದಾರಂತ," ಎಂದಳು ಊರ್ಮಿಳಾ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಿವಾಕರನಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ, "ಬಿಟ್ಟುಬಿಡು ಮಾರಾಯ್ತಿ. ಸತ್ತೋನು ಸತ್ತ. ಅಜ್ಜಿ ಇನ್ನೂ ಇದಾರಂತಲ್ಲ. ಈ ವಯಸ್ಸಲ್ಲಿ ಅವರನ್ನ ಕಟಕಟೆಗೆ ನಿಲ್ಲಿಸ್ತೀಯಾ?" ಎಂದ.

ನಿಲ್ಲಿಸುವ ಮನಸ್ಸು ಊರ್ಮಿಳಾಳಿಗೂ ಇರಲಿಲ್ಲ. ಹಾಗೆಂದು ಕಂಡದ್ದನ್ನು ಮುಚ್ಚಿಟ್ಟು ಸಭೆಯಲ್ಲಿ ಅಂಕಿ ಓದುವುದು ಅವಳ ಜಾಯಮಾನಕ್ಕೆ ಒಗ್ಗದ್ದು. ಮೂರು ದಿನ ಯೋಚಿಸಿ, ಬುಧವಾರ ಮಧ್ಯಾಹ್ನ ರಜೆ ಹಾಕಿ, ಫೋನ್ ಮಾಡಿ ಅನುಮತಿ ಕೇಳಿ, ಪಕ್ಕದ ಐಸೆಲ್‌ಸ್ಟೈನ್‌ಗೆ ಸೈಕಲ್ ತುಳಿದಳು. ಬುಟ್ಟಿಯಲ್ಲಿ ಒಂದು ಫೈಲು, ಒಂದು ಡಬ್ಬಿ ಕೊಬ್ಬರಿ ಮಿಠಾಯಿ.

ಟ್ರೂಸ್‌ಗೆ ಎಪ್ಪತ್ತೊಂಬತ್ತು. ಕಡ್ಡಿಯಂಥ ಹೆಂಗಸು, ಬಿಳಿ ಕೂದಲನ್ನು ಗಂಡಸರಂತೆ ಗಿಡ್ಡಗೆ ಕತ್ತರಿಸಿಕೊಂಡಿದ್ದಳು. ಕಾಫಿ ಕೊಟ್ಟು ಎದುರು ಕೂತು, ಊರ್ಮಿಳಾ ತಡವರಿಸುತ್ತ ಡಚ್ಚಿನಲ್ಲಿ ಹೇಳಿದ್ದನ್ನೆಲ್ಲ ಅಡ್ಡ ಬಾಯಿ ಹಾಕದೆ ಕೇಳಿದಳು. ತೊಂಬತ್ತೆಂಟು ಎಂಬ ಮಾತು ಬಂದಾಗ ಅವಳ ಕೆನ್ನೆ ಕೆಂಪಾಯಿತು.

"ಹಾರ್ಲೆಮ್‌ನೋರು, ರೋಟರ್‌ಡ್ಯಾಮ್‌ನೋರು ಬರೆದ ಹಾಳೆ ಸತ್ಯ, ನಾನು ಬರೆದದ್ದು ಸುಳ್ಳು ಅಂತೀಯಾ? ಅವರೇ ಕೋರ್‌ನ ಹಿಟ್ ಕದ್ದಿರಬಾರದೇಕೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ಊರ್ಮಿಳಾ ಕಾಫಿ ಲೋಟ ಕೆಳಗಿಟ್ಟು, "ಹಾಗಾದರೆ ಅವರು ಉಳಿದವರದ್ದೂ ಕದಿಯಬೇಕಿತ್ತಲ್ಲ? ಎಡ್ಸೆಲ್‌ನದು ಎರಡೂ ಕಡೆ ಒಂದೇ ಇದೆ," ಎಂದಳು.

"ಕೋರ್ ಚಿರತೆ ಥರ ಓಡ್ತಿದ್ದ. ಅವನನ್ನ ನೋಡಿ ಎದುರಿನವರಿಗೆ ಗಾಬರಿಯಾಗಿ ಚೆಂಡು ಜಾರ್ತಿತ್ತು. ಅದು ಹಿಟ್ ಅಲ್ವಾ?"

"ಹಾರ್ಲೆಮ್‌ನಲ್ಲೂ ಚಿರತೆ ಥರಾನೇ ಓಡಿರಬೇಕಲ್ಲ."

ಟ್ರೂಸ್ ಎದ್ದು ಹೋಗಿ ಕಿಟಕಿಯಲ್ಲಿದ್ದ ಗಿಡಕ್ಕೆ ನೀರು ಹಾಕಿದಳು. ಬಂದು ಕೂತು, ಕನ್ನಡಕ ಏರಿಸಿ, ಫೈಲನ್ನು ತನ್ನ ಕಡೆ ಎಳೆದುಕೊಂಡು ಹಾಳೆ ತಿರುವತೊಡಗಿದಳು. ಒಂದು ಕಡೆ ಬೆರಳು ನಿಂತಿತು.

"ಇದು ಹಿಟ್ ಅಲ್ಲ," ಎಂದಳು. "ಎಂಬತ್ನಾಲ್ಕನೇ ಇಸವಿ ಜೂನ್. ಚೆಂಡು ಆ ಹುಡುಗನ ಎರಡು ಕಾಲಿನ ನಡುವೆ ತೂರಿಹೋಯ್ತು, ಕುರುಡನೂ ಹಿಡೀಬಹುದಿತ್ತು. ಆದರೆ ಆ ಸೋಮವಾರ ಕೋರ್ ಕೆಲಸ ಮಾಡ್ತಿದ್ದ ಕಾರ್ಖಾನೆ ಮುಚ್ಚಿತ್ತು. ವಾರವೆಲ್ಲ ಅವನು ಒಂದು ಮಾತೂ ಆಡಿರಲಿಲ್ಲ. ಬೇಸ್ ಮೇಲೆ ನಿಂತು ನನ್ನ ಗೂಡಿನ ಕಡೆ ನೋಡಿದ. ಕೊಟ್ಟುಬಿಟ್ಟೆ."

ಊರ್ಮಿಳಾ ಬಗ್ಗಿ ಆ ಹಸಿರು ಅಕ್ಷರವನ್ನು ನೋಡಿದಳು.

"ಪೆನ್ಸಿಲ್ ಇದೆಯಾ?" ಎಂದಳು ಟ್ರೂಸ್. "ಉಳಿದ ಫೈಲುಗಳನ್ನೂ ತಗೊಂಡು ಬಾ. ತೊಂಬತ್ತೆಂಟು ಅಂತ ನಿನ್ನ ಕಂಪ್ಯೂಟರ್ ಹೇಳಿದ್ದನ್ನ ನಾನು ಒಪ್ಪಲ್ಲ. ಎಷ್ಟು ಅಂತ ನಾನೇ ಹೇಳ್ತೀನಿ."

ಹೀಗೆ ಐದು ಬುಧವಾರ ನಡೆಯಿತು. ಟ್ರೂಸ್ ಹಾಳೆ ಹಾಳೆಯನ್ನೂ ನೋಡಿದಳು. ಕೆಲವನ್ನು ದಾಟಿಸಿದಳು, ಕೆಲವಕ್ಕೆ ಕಣ್ಣು ಮುಚ್ಚಿ ಕೂತು ನೆನಪಿಸಿಕೊಂಡಳು, ಕೆಲವಕ್ಕೆ ಎದ್ದು ನಿಂತು, ಸೋಫಾವನ್ನು ಬೇಸ್ ಮಾಡಿಕೊಂಡು, ಚೆಂಡು ಎಲ್ಲಿ ಪುಟಿಯಿತು ಎಂದು ನಡೆದು ತೋರಿಸಿದಳು. ಕೋರ್‌ನ ಹಿಟ್‌ಗಳಲ್ಲಿ ಮೂವತ್ತೊಂದನ್ನು ತನ್ನ ಕೈಯಾರೆ ಪೆನ್ಸಿಲಿನಿಂದ ಹೊಡೆದುಹಾಕಿದಳು. ಮೂವತ್ತೆರಡನೆಯದನ್ನು ಊರ್ಮಿಳಾ ಸಂಶಯದಿಂದ ನೋಡಿದಾಗ, "ಅದನ್ನ ಮುಟ್ಟಿದರೆ ಕಾಫಿ ಇಲ್ಲ," ಎಂದಳು. ಅಷ್ಟರಲ್ಲಿ ಎಡ್ಸೆಲ್‌ನ ಸಾಲುಗಳೂ ಕಣ್ಣಿಗೆ ಬಿದ್ದವು. ಎರರ್ ಎಂದು ಬರೆದಿದ್ದ ಅವನ ಏಳು ಹೊಡೆತಗಳು ನಿಜವಾಗಿ ಹಿಟ್ ಆಗಿದ್ದವು ಎಂದು ಒಪ್ಪಿಕೊಂಡಳು. ಏಕೆ ಹಾಗೆ ಬರೆದಿರಿ ಎಂದರೆ, "ಅವನು ಕೋರ್‌ನ ನಡಿಗೆಯನ್ನ ಅಣಕಿಸ್ತಿದ್ದ. ಎಲ್ಲರೂ ನಗ್ತಿದ್ರು. ನಾನೂ ನಗ್ತಿದ್ದೆ, ಅದಕ್ಕೇ ಸಿಟ್ಟು," ಎಂದಳು.

ನಲವತ್ತು ವರ್ಷದ ಹಿಂದಿನ ನೆನಪು ಸಾಕ್ಷಿಯಲ್ಲ ಎಂದು ಊರ್ಮಿಳಾಳಿಗೆ ಗೊತ್ತಿತ್ತು. ಆಫೀಸಿನಲ್ಲಿ ಇಂಥ ದಾಖಲೆ ತಂದರೆ ಅವಳೇ ವಾಪಸು ಕಳಿಸುತ್ತಿದ್ದಳು. ಆದರೂ ಆ ಐದು ಬುಧವಾರಗಳಲ್ಲಿ ಅವಳು ಒಂದಾದರೂ ಹಾಳೆಯನ್ನು ಬೇಜಾರಿನಿಂದ ತಿರುವಲಿಲ್ಲ.

ಕೊನೆಯ ಬುಧವಾರ ಟ್ರೂಸ್ ಕೇಳಿದಳು. "ನೀನು ಎರಡು ವರ್ಷದಿಂದ ಬರೀತಿದ್ದೀಯ. ಒಂದೂ ತಪ್ಪು ಬರೆದಿಲ್ವಾ?"

ಊರ್ಮಿಳಾ ಸ್ಮೃತಿಯ ವಿಷಯ ಹೇಳಿದಳು. ತಪ್ಪು ಎಂದು ಹೇಳಲಿಲ್ಲ. ತಾನು ಎಷ್ಟು ನಿಷ್ಠುರಳು ಎಂದು ತೋರಿಸುವುದಕ್ಕೇ ಹೇಳಿದಳು.

ಟ್ರೂಸ್ ಒಂದು ಕಾಗದ ಮುಂದಿಟ್ಟಳು. "ಬರೆದು ತೋರಿಸು. ಚೆಂಡು ಎಲ್ಲಿ ಪುಟಿಯಿತು? ಹುಡುಗ ಎಲ್ಲಿ ನಿಂತಿದ್ದ?"

ಊರ್ಮಿಳಾ ಗೆರೆ ಎಳೆದಳು. ಹುಡುಗ ಇಲ್ಲಿ. ಚೆಂಡು ಹೀಗೆ. ಹುಡುಗ ಬಲಕ್ಕೆ ಎರಡು ಹೆಜ್ಜೆ ಓಡಿದ, ಮೈಚಾಚಿ, ಕೈಗವಸನ್ನು ಅಡ್ಡ ತಿರುಗಿಸಿ… ಎಳೆಯುತ್ತ ಎಳೆಯುತ್ತ ಅವಳ ಕೈ ನಿಧಾನವಾಯಿತು.

"ಹದಿಮೂರು ವರ್ಷದ ಹುಡುಗ, ಓಡುತ್ತ, ಮೈಚಾಚಿ, ಅಡ್ಡಗೈಲಿ," ಎಂದಳು ಟ್ರೂಸ್. "ಇದು ಸಾಧಾರಣ ಪ್ರಯತ್ನಾನಾ? ಅಪ್ಪಟ ಹಿಟ್ ಕಣೇ ಹುಡುಗಿ ಇದು. ನಾನು ಗಂಡ ಅಂತ ಕೊಟ್ಟೆ. ನೀನು ಮಗಳು ಅಂತ ಕಿತ್ಕೊಂಡೆ, ಜನ ನಿನ್ನ ಪ್ರಾಮಾಣಿಕಳು ಅನ್ನಲಿ ಅಂತ. ಇಬ್ಬರೂ ಚೆಂಡನ್ನ ನೋಡಲಿಲ್ಲ."

ಮನೆಗೆ ಸೈಕಲ್ ತುಳಿಯುವಾಗ ಎದುರುಗಾಳಿ ಬೀಸುತ್ತಿತ್ತು. ಊರ್ಮಿಳಾಳಿಗೆ ಮೊದಲು ಸಿಟ್ಟು ಬಂತು, ಸೇತುವೆ ದಾಟುವ ಹೊತ್ತಿಗೆ ನಾಚಿಕೆಯಾಯಿತು. ಸ್ಮೃತಿ ಸೋಫಾದ ಮೇಲೆ ಕಾಲು ಚಾಚಿ ಸೇಬು ತಿನ್ನುತ್ತಿದ್ದಳು. ಊರ್ಮಿಳಾ ಜಾಕೆಟ್ ಕೂಡ ಬಿಚ್ಚದೆ ಎದುರು ನಿಂತು, "ಸ್ಮೃತಿ, ಮೇ ತಿಂಗಳದ್ದು ಅದು ಹಿಟ್ ಆಗಿತ್ತು. ನಾ ತಪ್ಪು ಬರದೆ. ಈಗ ತಿದ್ದಾಕ ಬರೂದಿಲ್ಲ, ಒಂದು ದಿನದೊಳಗ ತಿದ್ದಬೇಕು ಅಂತ ರೂಲ್ ಐತಿ," ಎಂದಳು.

ಸ್ಮೃತಿ ಅಗಿಯುವುದನ್ನು ನಿಲ್ಲಿಸಲಿಲ್ಲ. "ಐ ನೋ, ಮಮ್ಮಾ. ಕೋಚ್ ಹ್ಯಾಸ್ ಇಟ್ ಆಸ್ ಎ ಹಿಟ್ ಇನ್ ಹಿಸ್ ಓನ್ ಬುಕ್." ಆಮೇಲೆ ಸ್ವಲ್ಪ ಸರಿದು ಅಮ್ಮನಿಗೆ ಜಾಗ ಮಾಡಿಕೊಟ್ಟು, ಅಪರೂಪಕ್ಕೆ ಕನ್ನಡದಲ್ಲಿ, "ಸೇಬು ಬೇಕಾ?" ಎಂದಳು.

ಸೆಪ್ಟೆಂಬರ್ ಮೂರನೆಯ ಶನಿವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸಭೆ ಸೇರಿತು. ಎಂಬತ್ತಕ್ಕಿಂತ ಹೆಚ್ಚು ಜನ. ಕುರ್ಚಿ ಸಾಲದೆ ಹುಡುಗರು ಕ್ರೇಟುಗಳ ಮೇಲೆ ಕೂತಿದ್ದರು. ದಿವಾಕರನೂ ಬಂದು, ಒಂದು ಮಾತೂ ತಪ್ಪದಂತೆ ಮುಂದಿನ ಸಾಲು ಹಿಡಿದಿದ್ದ. ಊರ್ಮಿಳಾ ಪರದೆಯ ಮೇಲೆ ಅಂಕಿಗಳನ್ನು ತೋರಿಸಿ, ಹಿಟ್‌ಗಳ ಲೆಕ್ಕ, ಬೇಸ್ ಮುಟ್ಟಿದ ಲೆಕ್ಕ ಎರಡನ್ನೂ ಬಿಡಿಸಿ ಹೇಳಿದಳು. ಸ್ವಂತ ಮೈದಾನ, ಪರಊರು ಎಂದು ಬೇರೆ ಮಾಡಿದ ಪಟ್ಟಿ ತರುವ ಮೊದಲು ಎರಡನೆಯ ಸಾಲಿನಲ್ಲಿ ಕೂತಿದ್ದ ಟ್ರೂಸ್ ಕಡೆ ನೋಡಿದಳು. ಟ್ರೂಸ್ ತಾನೇ ಎದ್ದು ನಿಂತಳು.

"ಮುಂದಿನದು ನಾನು ಹೇಳ್ತೀನಿ. ಕೋರ್‌ನ ಹಿಟ್‌ಗಳಲ್ಲಿ ಮೂವತ್ತೊಂದು ನಾನು ಕೊಟ್ಟ ಉಡುಗೊರೆ. ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ನನ್ನ ಜೊತೆ ಮಾತು ಬಿಡ್ತಿದ್ದ. ಎಡ್ಸೆಲ್, ನಿನ್ನದು ಏಳು ನನ್ನ ಹತ್ತಿರ ಇದೆ. ಇವತ್ತು ವಾಪಸು."

ಹಿಂದಿನಿಂದ ಎಡ್ಸೆಲ್‌ನ ನಗು ಕೇಳಿತು. "ಏಳೇನಾ? ನಾನು ಹದಿನೈದು ಅಂದ್ಕೊಂಡಿದ್ದೆ!" ಛಾವಣಿ ಹಾರಿಹೋಗುವಂತೆ ಎಲ್ಲರೂ ನಕ್ಕರು.

ನಗು ಇಳಿದ ಮೇಲೆ ವಾದ ಶುರುವಾಯಿತು. ತಿದ್ದಿದ ಲೆಕ್ಕದಲ್ಲಿ ಎಡ್ಸೆಲ್ ಇನ್ನೂ ಮುಂದೆ ಹೋಗಿದ್ದ. ಕೋರ್‌ನ ಪಕ್ಷದ ಮುದುಕನೊಬ್ಬ ಮೇಜು ಗುದ್ದಿ, "ಅವನ ಹೊಡೆತದಿಂದ ಬಂದ ರನ್ ಆರುನೂರ ಹನ್ನೆರಡು! ಅದಕ್ಕೇನಂತೀರಿ?" ಎಂದ.

"ಅದರಲ್ಲಿ ಇನ್ನೂರ ಮೂವತ್ತೊಂದು ಸಲ ಓಡಿ ಬಂದು ರನ್ ಮಾಡಿದವರು ಎಡ್ಸೆಲ್," ಎಂದಳು ಊರ್ಮಿಳಾ. "ಅವರು ಬೇಸ್ ಮೇಲೆ ನಿಂತಿರದಿದ್ದರೆ ಕೋರ್ ಯಾರನ್ನ ಮನೆಗೆ ತರುತ್ತಿದ್ದರು?"

ಕ್ರೇಟುಗಳ ಕಡೆಯಿಂದ ಚಪ್ಪಾಳೆ ಬಿತ್ತು. ಆಗ ಎಡ್ಸೆಲ್ ಮುಂದೆ ಬಂದು ಮೈಕು ಕಿತ್ತುಕೊಂಡ.

"ನನ್ನ ಮಾತು ಯಾರೂ ಕೇಳಲಿಲ್ಲವಲ್ಲ! ನನಗೆ ತಿರುಗುವ ಚೆಂಡನ್ನ ಹೊಡೆಯೋಕೆ ಬರ್ತಿರಲಿಲ್ಲ. ಅದಕ್ಕೇ ಸುಮ್ಮನೆ ನಿಂತಿರ್ತಿದ್ದೆ. ನಿಂತು ನಿಂತು ನಾನ್ನೂರ ಎಂಬತ್ತು ವಾಕ್ ಸಿಕ್ಕಿತು. ಅದನ್ನ ಈಗಿನ ಹುಡುಗರು ಪ್ರತಿಭೆ ಅಂತಾರೆ, ನನಗೇನೂ ಬೇಜಾರಿಲ್ಲ. ಆದರೆ ಎಂಬತ್ತಾರರ ಕೊನೆಯ ಆಟದಲ್ಲಿ, ಗೆದ್ದರೆ ಮೇಲಿನ ವಿಭಾಗ, ಸೋತರೆ ಇಲ್ಲೇ ಅನ್ನುವಾಗ, ನಾನು ಬೇಸ್ ಮೇಲೆ ನಿಂತು ಒಂದೇ ಪ್ರಾರ್ಥನೆ ಮಾಡ್ತಿದ್ದೆ. ಸದ್ಯ, ಈಗ ಬ್ಯಾಟ್ ಹಿಡಿದಿರೋನು ನಾನಲ್ಲ, ಕೋರ್ ಅಂತ. ಅವನು ಹೊಡೆದ, ನಾವು ಗೆದ್ದೆವು. ಅದನ್ನೂ ಲೆಕ್ಕಕ್ಕೆ ತಗೊಳ್ಳಿ."

ದಿವಾಕರ ಕುರ್ಚಿಯಿಂದ ಅರ್ಧ ಎದ್ದು ಹೆಂಡತಿಯ ಕಡೆ ಗೆದ್ದ ಮುಖ ಮಾಡಿದ. ಊರ್ಮಿಳಾ ಮೈಕು ತೆಗೆದುಕೊಂಡಳು.

"ಆ ಹೊಡೆತ ನನ್ನ ಹಾಳೆಯಲ್ಲಿ ಒಂದು ಹಿಟ್, ಅಷ್ಟೇ. ಅದಕ್ಕಿಂತ ಹೆಚ್ಚು ಬರೆಯಲು ಚೌಕದಲ್ಲಿ ಜಾಗವಿಲ್ಲ. ಅಂಕಿ ನೋಡಿ ನಾನು ಎಡ್ಸೆಲ್‌ಗೆ ವೋಟು ಹಾಕ್ತೀನಿ. ನೀವು ಆ ದಿನ ಅಲ್ಲಿದ್ದಿರಿ, ನಾನಿರಲಿಲ್ಲ. ನಿಮಗೆ ಕಂಡದ್ದನ್ನ ನೀವು ಹಾಕಿ," ಎಂದಳು. ಅವಳ ಡಚ್ಚಿನಲ್ಲಿ ಎರಡು ತಪ್ಪುಗಳಿದ್ದವು, ಯಾರೂ ತಿದ್ದಲಿಲ್ಲ.

ಮತ ಎಣಿಸಿದಾಗ ಕೋರ್‌ಗೆ ನಲವತ್ತೇಳು, ಎಡ್ಸೆಲ್‌ಗೆ ಮೂವತ್ತೆಂಟು ಬಂದವು. ಟ್ರೂಸ್ ತನ್ನದು ಎಡ್ಸೆಲ್‌ಗೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿಯೇ ಚೀಟಿ ಹಾಕಿದಳು. ಎಡ್ಸೆಲ್ ಕೋರ್‌ಗೆ ಹಾಕಿದ. ಸೋತದ್ದಕ್ಕೆ ಊರ್ಮಿಳಾಳಿಗೆ ಬೇಸರವಾಗಬೇಕಿತ್ತು, ಆಗಲಿಲ್ಲ. ಮೂವತ್ತೊಂದು ಹಿಟ್ ಕಳೆದುಕೊಂಡ ಮೇಲೂ ಗೆದ್ದವನು ಕೋರ್. ಈ ಗೆಲುವಿನಲ್ಲಿ ಉಡುಗೊರೆಯದು ಯಾವುದೂ ಇಲ್ಲ ಎಂದು ಅವಳಿಗೆ ಅನ್ನಿಸಿತು. ಹಾಗೆಂದು ಟ್ರೂಸ್‌ಗೆ ಹೇಳಿದಾಗ ಅವಳು ಕರ್ಚೀಫು ಹುಡುಕಿದಳು.

ಅಕ್ಟೋಬರಿನಲ್ಲಿ ಮೈದಾನಕ್ಕೆ ಫಲಕ ಬಂತು. ಐವತ್ತು ವರ್ಷದ ಅಂಕಿಅಂಶಗಳ ಪುಸ್ತಕವೊಂದನ್ನು ಕ್ಲಬ್ಬು ಅಚ್ಚು ಹಾಕಿಸಿತು. ಸಂಕಲನ: ಊರ್ಮಿಳಾ ಮತ್ತು ಟ್ರೂಸ್. ಅದರಲ್ಲಿ ಪಟ್ಟಿಗಳಿಗಿಂತ ಅಡಿಟಿಪ್ಪಣಿಗಳೇ ಹೆಚ್ಚು ಓದಿಸಿಕೊಂಡವು. ಚಳಿಗಾಲದಲ್ಲಿ ಊರ್ಮಿಳಾ ಮುಂದಿನ ಹಂತದ ಸ್ಕೋರರ್ ಪರೀಕ್ಷೆಗೆ ಕಟ್ಟಿ, ಪಾಸಾದಳು. ಈ ವರ್ಷ ಏಪ್ರಿಲ್‌ನಿಂದ ಅವಳ ಗೂಡಿನಲ್ಲಿ ಎರಡು ಕುರ್ಚಿಗಳಿವೆ. ಎರಡನೆಯದರಲ್ಲಿ ಟ್ರೂಸ್ ತನ್ನ ದಿಂಬು ತಂದು ಕೂರುತ್ತಾಳೆ. ಬರೆಯುವ ಅಧಿಕಾರ ಅವಳಿಗಿಲ್ಲ, ಬಾಯಿಗೆ ಮಾತ್ರ ತಡೆಯಿಲ್ಲ. ಕಳೆದ ಶನಿವಾರ ನಾಲ್ಕನೆಯ ಸರದಿಯಲ್ಲಿ ಒಂದು ಚೆಂಡು ಎಡಮೂಲೆಯಲ್ಲಿ ಜಾರಿದಾಗ, ಆಟ ನಿಂತು, ಅಂಪೈರ್ ಕೂಡ ಗೂಡಿನ ಕಡೆ ತಿರುಗಿ ನೋಡುವಷ್ಟು ಜೋರಾಗಿ ಇಬ್ಬರೂ ಜಗಳವಾಡಿದರು. ಊರ್ಮಿಳಾ ಡಚ್ಚಿನಲ್ಲಿ ಶುರುಮಾಡಿ, ಮಾತು ಸಾಲದೆ, "ಅಜ್ಜೀ, ಅಂವ ನಿಂತಲ್ಲೇ ನಿಂತಿದ್ದ, ಚೆಂಡು ಅವನ ಎದಿಗೇ ಬಂತು, ನೀವೇನ್ ಕಣ್ಣು ಮುಚ್ಚಿದ್ರೇನ್ರೀ!" ಎಂದು ಅಪ್ಪಟ ಧಾರವಾಡದ ಕನ್ನಡಕ್ಕೆ ಹೊರಳಿದಳು. ಟ್ರೂಸ್‌ಗೆ ಅದು ಹೇಗೋ ಪೂರ್ತಿ ಅರ್ಥವಾಯಿತು. ಮುಖ ತಿರುಗಿಸಿ, ಕೊಬ್ಬರಿ ಮಿಠಾಯಿಯ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡು ಕೂತಳು.